ಹಳೆಯ ಟ್ರ್ಯಾಕ್ಟರ್ ಎಂಜಿನ್ನಿಗೆ ತಾಮ್ರದ ಹೆಡ್ ಗ್ಯಾಸ್ಕೆಟ್

ಮುನಿರ್ಕಾ, ನವದೆಹಲಿ: ಉಪನ್ಯಾಸದ ಪಠ್ಯ



ದಕ್ಷಿಣ ದೆಹಲಿಯ ಮುನಿರ್ಕಾ ಇಂದು ಕಿರಿದಾದ ಓಣಿಗಳ, ಬಾಡಿಗೆ ಕೋಣೆಗಳ ಮತ್ತು ಅಂಗಡಿ ಸಾಲುಗಳ ಊರು. ಸಮೀಪದಲ್ಲಿ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯ, ಇನ್ನೊಂದೆಡೆ ರಾಮಕೃಷ್ಣಪುರಂನ ಸರ್ಕಾರಿ ವಸತಿಗೃಹಗಳು; 2018ರಿಂದ ಮೆಟ್ರೋ ರೈಲಿನ ನಿಲ್ದಾಣವೂ ಇದೆ. ಇಂತಹ ಸ್ಥಳದಲ್ಲಿ ಟ್ರ್ಯಾಕ್ಟರ್ ಎಂಜಿನ್ನಿನ ವಿಚಾರವನ್ನು ಎತ್ತಿಕೊಳ್ಳುವುದು ಕೆಲವರಿಗೆ ಅಸಂಗತವಾಗಿ ತೋರಬಹುದು. ಆದರೆ ಮುನಿರ್ಕಾ ಮೂಲತಃ ಒಂದು ಕೃಷಿಗ್ರಾಮ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ರಾಜಧಾನಿಯು ವಿಸ್ತಾರಗೊಂಡಂತೆ ಇಲ್ಲಿನ ಹೊಲಗಳು ಸ್ವಾಧೀನಕ್ಕೆ ಒಳಗಾದವು. ಕಂದಾಯ ದಾಖಲೆಗಳಲ್ಲಿ ಲಾಲ್ ಡೋರಾ ಎಂದು ಕರೆಯುವ, ಕರ್ನಾಟಕದಲ್ಲಿ ಗ್ರಾಮಠಾಣಾ ಎನ್ನುವ ಗಡಿಯೊಳಗಿನ ಊರು ಮಾತ್ರ ಉಳಿಯಿತು. ಉಳುಮೆ ನಿಂತಿತು, ಉಳುಮೆಯ ನೆನಪು ನಿಲ್ಲಲಿಲ್ಲ.

ಈ ಪರಿಸರದಲ್ಲಿ ವಾಸಿಸುವ ಕನ್ನಡಿಗರ ಸ್ಥಿತಿಯೂ ಇದಕ್ಕೆ ಹೊರತಲ್ಲ. ರಾವ್ ತುಲಾರಾಮ್ ಮಾರ್ಗದಲ್ಲಿರುವ ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮಗಳಲ್ಲಿ ಕಾಣಸಿಗುವ ಅನೇಕ ಕುಟುಂಬಗಳಿಗೆ ಊರಿನಲ್ಲಿ ಇಂದಿಗೂ ಒಂದಿಷ್ಟು ಜಮೀನಿದೆ. ಆ ಜಮೀನಿನ ಕೊಟ್ಟಿಗೆಯಲ್ಲಿ ತಂದೆಯೋ ದೊಡ್ಡಪ್ಪನೋ ಕೊಂಡ ಹಳೆಯ ಟ್ರ್ಯಾಕ್ಟರ್ ಇರುವುದೂ ಉಂಟು. ಊರಿನಿಂದ ದೂರವಾಣಿ ಬರುತ್ತದೆ: ಹೆಡ್ ಗ್ಯಾಸ್ಕೆಟ್ ಹೋಗಿದೆ, ಅಂಗಡಿಯಲ್ಲಿ ಸಿಗುತ್ತಿಲ್ಲ, ತಾಮ್ರದ ತಗಡಿನಲ್ಲಿ ಮಾಡಿಸಬಹುದೆಂದು ಮೇಸ್ತ್ರಿ ಹೇಳುತ್ತಾನೆ, ಏನು ಮಾಡೋಣ? ರೋಹಿಣಿ ಮಳೆ ಬಿದ್ದು ಭೂಮಿ ಹದವಾಗಿರುವ ದಿನಗಳಲ್ಲಿ ಈ ಪ್ರಶ್ನೆಗೆ ಸಕಾಲದಲ್ಲಿ ಸರಿಯಾದ ಉತ್ತರ ದೊರೆಯದಿದ್ದರೆ ಬಿತ್ತನೆಯೇ ತಪ್ಪಬಹುದು. ತಪ್ಪು ಉತ್ತರ ದೊರೆತರೆ ಎಂಜಿನ್ನೇ ಹಾಳಾಗಬಹುದು. ಆದ್ದರಿಂದ ತಾಮ್ರದ ಹೆಡ್ ಗ್ಯಾಸ್ಕೆಟ್ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ, ಅದನ್ನು ಹೇಗೆ ಬಳಸಬೇಕು ಎಂಬುದನ್ನು ವಿವರಿಸುವುದು ಈ ಉಪನ್ಯಾಸದ ಉದ್ದೇಶ.

ಹಳೆಯ ಯಂತ್ರಗಳ ಹಿನ್ನೆಲೆ

ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತದಲ್ಲಿ ಟ್ರ್ಯಾಕ್ಟರುಗಳ ತಯಾರಿಕೆ ಇರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೇನೆ ಬಿಟ್ಟುಹೋಗಿದ್ದ ಟ್ರ್ಯಾಕ್ಟರುಗಳನ್ನು ಬಳಸಿಕೊಂಡು ಕೇಂದ್ರ ಟ್ರ್ಯಾಕ್ಟರ್ ಸಂಘಟನೆಯು ಪಾಳುಬಿದ್ದ ಭೂಮಿಯನ್ನು ಸಾಗುವಳಿಗೆ ತರುವ ಕಾರ್ಯವನ್ನು ಕೈಗೊಂಡಿತು. ಕಾನ್ಸ್ ಎಂಬ ಆಳವಾಗಿ ಬೇರುಬಿಡುವ ಹುಲ್ಲನ್ನು ನಿರ್ಮೂಲಗೊಳಿಸಲು ಬೇಕಾದ ಯಂತ್ರಗಳಿಗಾಗಿ 1949ರಲ್ಲಿ ವಿಶ್ವಬ್ಯಾಂಕಿನಿಂದ 1 ಕೋಟಿ ಡಾಲರ್ ಸಾಲವನ್ನೂ ಪಡೆಯಲಾಯಿತು. ಮುಂದೆ ಫರ್ಗ್ಯುಸನ್ ಮುಂತಾದ ವಿದೇಶಿ ಟ್ರ್ಯಾಕ್ಟರುಗಳು ದೊಡ್ಡ ಹಿಡುವಳಿದಾರರ ಹೊಲಗಳಿಗೆ ಬಂದವು.

ದೇಶೀಯ ತಯಾರಿಕೆಯ ಆರಂಭ ಆದದ್ದು ದೆಹಲಿಯ ನೆರೆಯ ಫರೀದಾಬಾದಿನಲ್ಲಿ. 1959ರ ಏಪ್ರಿಲ್‌ನಲ್ಲಿ ಐಷರ್ ಸಂಸ್ಥೆಯ ಮೊದಲ ಟ್ರ್ಯಾಕ್ಟರ್ ಅಲ್ಲಿಂದ ಹೊರಬಂದಿತು. 1960ರ ದಶಕದಲ್ಲಿ ಮದರಾಸಿನ ಟ್ಯಾಫೆ, ಫರೀದಾಬಾದಿನ ಎಸ್ಕಾರ್ಟ್ಸ್ ಮತ್ತು ಮಹೀಂದ್ರಾ ಸಂಸ್ಥೆಗಳು ಈ ಕ್ಷೇತ್ರವನ್ನು ಪ್ರವೇಶಿಸಿದವು. ದುರ್ಗಾಪುರದ ಕೇಂದ್ರೀಯ ಯಾಂತ್ರಿಕ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ವಿನ್ಯಾಸವನ್ನು ಆಧರಿಸಿ 1974ರಲ್ಲಿ ಪಂಜಾಬಿನಲ್ಲಿ ಸ್ವರಾಜ್ ಟ್ರ್ಯಾಕ್ಟರುಗಳ ಉತ್ಪಾದನೆ ಆರಂಭವಾಯಿತು.

ಕರ್ನಾಟಕಕ್ಕೆ ಈ ಚರಿತ್ರೆಯಲ್ಲಿ ಎರಡು ವಿಶೇಷ ಸಂಬಂಧಗಳಿವೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ಥಾಪನೆಗೊಂಡ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯಾದ ಜೀಟರ್ ಸಹಯೋಗದಿಂದ 25 ಅಶ್ವಶಕ್ತಿಯ ಟ್ರ್ಯಾಕ್ಟರನ್ನು ತಯಾರಿಸತೊಡಗಿತು. ಬೆಂಗಳೂರಿನಲ್ಲೇ 1967ರಲ್ಲಿ ಆರಂಭವಾದ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ಪವರ್ ಟಿಲ್ಲರುಗಳನ್ನು ತಯಾರಿಸಿ ಗದ್ದೆಗಳಿಗೆ ತಲುಪಿಸಿತು. ಪಿಂಜೋರಿನ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರಲ್ಲಿ ಅನುಮೋದನೆ ನೀಡಿತು. ಕಾರ್ಖಾನೆ ಮುಚ್ಚಿದರೂ ಅಲ್ಲಿಂದ ಬಂದ ಯಂತ್ರಗಳು ಹೊಲಗಳಲ್ಲಿ ಉಳಿದಿವೆ. ತಯಾರಕರಿಲ್ಲದ ಯಂತ್ರಕ್ಕೆ ಬಿಡಿಭಾಗ ಹುಡುಕುವ ಕಷ್ಟ ಎದುರಾಗುವುದು ಇಂತಹ ಸಂದರ್ಭದಲ್ಲಿಯೇ. ತಾಮ್ರದ ಗ್ಯಾಸ್ಕೆಟ್ಟಿನ ಪ್ರಶ್ನೆ ಹುಟ್ಟುವುದೂ ಅಲ್ಲಿಂದಲೇ.

ಗ್ಯಾಸ್ಕೆಟ್ಟಿನ ಕೆಲಸ

ಎಂಜಿನ್ನಿನ ಕೆಳಭಾಗವಾದ ಬ್ಲಾಕಿನಲ್ಲಿ ಸಿಲಿಂಡರ್ ಇರುತ್ತದೆ. ಅದರ ಬಾಯಿಯನ್ನು ಮುಚ್ಚುವ ಮೇಲ್ಭಾಗವೇ ಹೆಡ್. ಇವೆರಡರ ನಡುವೆ ಇರಿಸುವ ತೆಳುವಾದ ಹಾಸೇ ಹೆಡ್ ಗ್ಯಾಸ್ಕೆಟ್. ಹಳ್ಳಿಯ ಗ್ಯಾರೇಜುಗಳಲ್ಲಿ ಇದನ್ನು ಹೆಡ್ ಪ್ಯಾಕಿಂಗ್ ಎಂದೂ ಕರೆಯುತ್ತಾರೆ. ಉರಿಯುವ ಅನಿಲವನ್ನು ಸಿಲಿಂಡರಿನೊಳಗೆ, ನೀರನ್ನು ನೀರಿನ ದಾರಿಯಲ್ಲಿ, ಎಣ್ಣೆಯನ್ನು ಎಣ್ಣೆಯ ದಾರಿಯಲ್ಲಿ ಹಿಡಿದಿಡುವ ಮೂರು ಬಗೆಯ ಹೊಣೆ ಇದಕ್ಕಿದೆ.

ಈ ಹೊಣೆ ಎಷ್ಟು ಭಾರವಾದುದೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಸಿಲಿಂಡರಿನ ವ್ಯಾಸ 100 ಮಿ.ಮೀ. ಇದ್ದರೆ ಅದರ ವಿಸ್ತೀರ್ಣ ಸುಮಾರು 78.5 ಚದರ ಸೆಂ.ಮೀ. ಇಂಧನ ಉರಿಯುವಾಗಿನ ಗರಿಷ್ಠ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ 60 ಕಿ.ಗ್ರಾಂ. ಎಂದಿಟ್ಟುಕೊಂಡರೆ, ಹೆಡ್ಡನ್ನು ಮೇಲಕ್ಕೆ ನೂಕುವ ಬಲ ಸುಮಾರು 4,700 ಕಿ.ಗ್ರಾಂ. ಆಗುತ್ತದೆ. ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದ್ದರೆ ನಾಲ್ಕು ಹೊಡೆತದ ಎಂಜಿನ್ನಿನ ಒಂದೊಂದು ಸಿಲಿಂಡರಿನಲ್ಲಿ ನಿಮಿಷಕ್ಕೆ 750 ಬಾರಿ ಈ ನೂಕು ಬೀಳುತ್ತದೆ. ಎಂಟು ಗಂಟೆಯ ಒಂದು ದಿನದ ಉಳುಮೆಯಲ್ಲಿ 3,60,000 ಬಾರಿ! ಗ್ಯಾಸ್ಕೆಟ್ ಮತ್ತು ಅದನ್ನು ಒತ್ತಿ ಹಿಡಿದಿರುವ ಬೋಲ್ಟುಗಳು ಇಷ್ಟನ್ನೂ ಬಿಸಿಯಲ್ಲಿ ತಾಳಿಕೊಳ್ಳಬೇಕು.

ಗ್ಯಾಸ್ಕೆಟ್ ಸೋತಾಗ ಕಾಣುವ ಲಕ್ಷಣಗಳು ಸ್ಪಷ್ಟ. ರೇಡಿಯೇಟರಿನಲ್ಲಿ ನೀರು ಕಾರಣವಿಲ್ಲದೆ ಕಡಿಮೆಯಾಗುತ್ತದೆ. ಎಂಜಿನ್ ಓಡುವಾಗ ನೀರಿನಲ್ಲಿ ಗುಳ್ಳೆಗಳೇಳುತ್ತವೆ. ಎಂಜಿನ್ ಎಣ್ಣೆಗೆ ನೀರು ಸೇರಿದಾಗ ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಹೊಗೆಕೊಳವೆಯಿಂದ ಬಿಳಿಯ ಹಬೆ ನಿರಂತರವಾಗಿ ಬರುತ್ತದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳ ನಡುವೆ ಗ್ಯಾಸ್ಕೆಟ್ ಹರಿದರೆ ಎರಡರಲ್ಲಿಯೂ ಒತ್ತಡ ಕುಸಿದು ಎಂಜಿನ್ ಬಲಹೀನವಾಗುತ್ತದೆ. ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ತೆಗೆದು ಪರೀಕ್ಷಿಸುವುದು ಅಪಾಯಕರ. ತಣಿದ ಎಂಜಿನ್ನಿನ ಮುಚ್ಚಳವನ್ನು ತೆಗೆದು, ಬಳಿಕ ಚಾಲೂ ಮಾಡಿ ಗುಳ್ಳೆಗಳನ್ನು ನೋಡಬೇಕು.

ಕಲ್ನಾರಿನ ಎಚ್ಚರಿಕೆ

ಹಳೆಯ ಕಾಲದ ಎಂಜಿನ್ನುಗಳಿಗೆ ಕಾರ್ಖಾನೆಯಿಂದ ಬರುತ್ತಿದ್ದ ಗ್ಯಾಸ್ಕೆಟ್ ಬಹುಮಟ್ಟಿಗೆ ಜೋಡುಪದರದ್ದು. ಎರಡು ತೆಳುವಾದ ತಾಮ್ರದ ಹಾಳೆಗಳ ನಡುವೆ ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು ಇರಿಸಿ ಅದನ್ನು ತಯಾರಿಸಲಾಗುತ್ತಿತ್ತು. ಹೊರಗೆ ತಾಮ್ರ ಕಾಣುವುದರಿಂದ ಇದನ್ನೂ ತಾಮ್ರದ ಗ್ಯಾಸ್ಕೆಟ್ ಎಂದೇ ಜನ ಕರೆಯುತ್ತಾರೆ. ಆದರೆ ಈ ಉಪನ್ಯಾಸದಲ್ಲಿ ಹೇಳುತ್ತಿರುವ ಅಪ್ಪಟ ತಾಮ್ರದ ಒಂದೇ ತಗಡಿನ ಗ್ಯಾಸ್ಕೆಟ್ಟಿಗೂ ಅದಕ್ಕೂ ಬಹಳ ವ್ಯತ್ಯಾಸವಿದೆ.

ಕಲ್ನಾರಿನ ಸೂಕ್ಷ್ಮ ಎಳೆಗಳು ಉಸಿರಿನೊಂದಿಗೆ ಶ್ವಾಸಕೋಶವನ್ನು ಸೇರಿದರೆ ದಶಕಗಳ ನಂತರ ಶ್ವಾಸಕೋಶದ ಕಾಯಿಲೆ ಮತ್ತು ಕ್ಯಾನ್ಸರ್ ಉಂಟಾಗಬಹುದು. ಕಲ್ನಾರಿನ ಕಾರ್ಮಿಕರ ಆರೋಗ್ಯ ರಕ್ಷಣೆ ಅವರ ಮೂಲಭೂತ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 1995ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಗ್ಯಾರೇಜಿನಲ್ಲಿ ಹಳೆಯ ಗ್ಯಾಸ್ಕೆಟ್ಟನ್ನು ಕೆರೆದು ತೆಗೆಯುವ ಕೆಲಸ ಸಾಮಾನ್ಯವಾಗಿ ಕಿರಿಯ ಕೆಲಸಗಾರನ ಪಾಲಿಗೆ ಬರುತ್ತದೆ. ಅವನು ತಂತಿ ಬ್ರಷ್ಷಿನಿಂದ ಉಜ್ಜಿ, ಗಾಳಿಯ ಪಂಪಿನಿಂದ ಊದಿ, ಏಳುವ ಧೂಳನ್ನು ಕುಡಿಯುತ್ತಾನೆ. ಆ ಅಪಾಯದ ಅರಿವು ಅವನಿಗೆ ಇರುವುದಿಲ್ಲ.

ಆದ್ದರಿಂದ ಹಳೆಯ ಗ್ಯಾಸ್ಕೆಟ್ಟನ್ನು ಕಲ್ನಾರಿನದೆಂದೇ ಭಾವಿಸಿ ಕೆಲಸ ಮಾಡುವುದು ವಿವೇಕ. ಅದನ್ನು ಸೋಪಿನ ನೀರಿನಿಂದ ಚೆನ್ನಾಗಿ ತೋಯಿಸಿ, ಒದ್ದೆಯಾಗಿರುವಾಗಲೇ ಅಗಲವಾದ ಉಳಿಯಿಂದ ಮೆಲ್ಲಗೆ ಎಬ್ಬಿಸಬೇಕು. ಒಣಗಿದ ಮೇಲ್ಮೈಯನ್ನು ಉಜ್ಜಬಾರದು, ಗಾಳಿಯಿಂದ ಊದಬಾರದು, ಚೂರುಗಳನ್ನು ಸುಡಬಾರದು. ಚೂರುಗಳನ್ನೂ ಒರೆಸಿದ ಬಟ್ಟೆಯನ್ನೂ ಒದ್ದೆಯಾಗಿಯೇ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಬೇರ್ಪಡಿಸಿಡಬೇಕು. ಮುಖಕ್ಕೆ ಕಟ್ಟಿದ ಕರವಸ್ತ್ರ ಈ ಎಳೆಗಳನ್ನು ತಡೆಯಲಾರದು.

ತಾಮ್ರದ ಗುಣ ಮತ್ತು ಮಿತಿ

ತಾಮ್ರವು ಕನ್ನಡಿಗರ ಮನೆಗಳಿಗೆ ಹೊಸತಲ್ಲ. ಬಚ್ಚಲ ಮನೆಯ ಹಂಡೆ, ದೇವರ ಮನೆಯ ಚೊಂಬು, ನೀರಿನ ಕೊಡ ಎಲ್ಲವೂ ತಾಮ್ರದವು. ಚಿತ್ರದುರ್ಗದ ಸಮೀಪದ ಇಂಗಳದಾಳದಲ್ಲಿ ಹಿಂದೆ ತಾಮ್ರದ ಅದಿರನ್ನು ತೆಗೆಯಲಾಗುತ್ತಿತ್ತು. ಹಂಡೆಯನ್ನು ಬಡಿಯುವ ಕುಶಲಕರ್ಮಿಗಳಿಗೆ ಈ ಲೋಹದ ಒಂದು ಗುಣ ತಲೆಮಾರುಗಳಿಂದ ತಿಳಿದಿದೆ. ತಗಡನ್ನು ಬಡಿಯುತ್ತ ಹೋದಂತೆ ಅದು ಗಡುಸಾಗುತ್ತದೆ. ಇನ್ನೂ ಬಡಿದರೆ ಬಿರುಕು ಬಿಡುತ್ತದೆ. ಆಗ ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಮತ್ತೆ ಮೆದುವಾಗಿ ಸುತ್ತಿಗೆಗೆ ಒಗ್ಗುತ್ತದೆ. ಹೆಡ್ ಗ್ಯಾಸ್ಕೆಟ್ಟಿನ ವಿದ್ಯೆಗೂ ಇದೇ ಆಧಾರ.

ತಾಮ್ರ ಸುಮಾರು 1,085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಶಾಖವನ್ನು ಬೇಗನೆ ಹರಡುವುದರಿಂದ ಒಂದೇ ಜಾಗ ಕಾದು ಸುಟ್ಟುಹೋಗುವ ಸಂಭವ ಕಡಿಮೆ. ಒಂದೇ ತಗಡಾದ್ದರಿಂದ ಪದರ ಬಿಚ್ಚಿಕೊಳ್ಳುವುದಿಲ್ಲ. ಮೆದುಗೊಳಿಸಿದ ತಾಮ್ರವು ಒತ್ತಡಕ್ಕೆ ಮಣಿದು ಮೇಲ್ಮೈಯ ಸಣ್ಣ ಗೀರುಗಳನ್ನು ತುಂಬುತ್ತದೆ. ಗೀರು, ಸೀಳು ಇಲ್ಲದಿದ್ದರೆ ಮತ್ತೆ ಕಾಯಿಸಿ ಪುನಃ ಬಳಸಬಹುದು. ಜೋಡುಪದರದ ಗ್ಯಾಸ್ಕೆಟ್ಟನ್ನು ಒಮ್ಮೆ ತೆಗೆದ ಮೇಲೆ ಪುನಃ ಬಳಸಲಾಗದು.

ಇದರ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಅರಿಯಬೇಕು. ತಾಮ್ರಕ್ಕೆ ಮಣಿಯುವ ಗುಣವಿದೆ, ಪುಟಿದೇಳುವ ಗುಣವಿಲ್ಲ. ಜೋಡುಪದರದ ಗ್ಯಾಸ್ಕೆಟ್ಟಿನ ನಡುವಿನ ಪದರವು ಸ್ಪ್ರಿಂಗಿನಂತೆ ಅಲ್ಪ ಅಂತರವನ್ನು ತುಂಬಿಕೊಳ್ಳುತ್ತದೆ. ತಾಮ್ರ ಒಮ್ಮೆ ಚಪ್ಪಟೆಯಾದರೆ ಹಾಗೆಯೇ ಉಳಿಯುತ್ತದೆ. ಅದಕ್ಕೆಂದೇ ಹೆಡ್ ಮತ್ತು ಬ್ಲಾಕಿನ ಮೇಲ್ಮೈಗಳು ನಿಖರವಾಗಿ ಸಮತಟ್ಟಾಗಿರಬೇಕು. ನಟ್ಟುಗಳನ್ನು ಮತ್ತೆ ಮತ್ತೆ ಬಿಗಿಮಾಡಬೇಕು. ಬೋಲ್ಟುಗಳಿಂದ ದೂರವಿರುವ ನೀರಿನ ರಂಧ್ರಗಳ ಸುತ್ತ ತಾಮ್ರ ಒಂದೇ ಸಾಕಾಗದೆ, ಸೀಲಿಂಗ್ ಲೇಪದ ನೆರವು ಬೇಕಾಗುತ್ತದೆ.

ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಎಂಜಿನ್ನಿಗೆ ಸರಿಹೊಂದುವ, ಕಲ್ನಾರಿಲ್ಲದ, ಉತ್ತಮ ಗುಣಮಟ್ಟದ ಸಿದ್ಧ ಗ್ಯಾಸ್ಕೆಟ್ ದೊರೆಯುವುದಾದರೆ ಅದನ್ನೇ ಬಳಸುವುದು ಮೊದಲ ಆಯ್ಕೆ. ದೆಹಲಿಯ ಕಶ್ಮೀರಿ ಗೇಟ್ ಮತ್ತು ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಗಳಲ್ಲಿ ವಿಚಾರಿಸಿದ ನಂತರವೇ ತಾಮ್ರದ ತಗಡಿನ ಯೋಚನೆ ಮಾಡಬೇಕು.

ಸಿದ್ಧ ಗ್ಯಾಸ್ಕೆಟ್ ಸಿಗದಿದ್ದಾಗ ತಾಮ್ರ ಹೆಚ್ಚು ನಂಬಿಕೆಯಿಂದ ಬಳಕೆಯಾಗುವುದು ಒಂದು ಅಥವಾ ಎರಡು ಸಿಲಿಂಡರಿನ, ಹೆಡ್ ಮತ್ತು ಬ್ಲಾಕ್ ಎರಡೂ ಎರಕದ ಕಬ್ಬಿಣದ್ದಾಗಿರುವ, ನಿಧಾನಗತಿಯ ಹಳೆಯ ಎಂಜಿನ್ನುಗಳಲ್ಲಿ. ಗಾಳಿಯಿಂದ ತಣಿಯುವ ಎಂಜಿನ್ನುಗಳಲ್ಲಿ ನೀರಿನ ದಾರಿಗಳೇ ಇಲ್ಲದಿರುವುದರಿಂದ ಕೆಲಸ ಇನ್ನೂ ಸುಲಭ. ನಿಮಿಷಕ್ಕೆ 650 ಸುತ್ತು ತಿರುಗುವ ಲಿಸ್ಟರ್ ಮಾದರಿಯ ನೀರಾವರಿ ಎಂಜಿನ್ನುಗಳೂ ಈ ನಿಧಾನಗತಿಯ ವರ್ಗಕ್ಕೇ ಸೇರಿದವು.

ಹೆಡ್ ಅಲ್ಯೂಮಿನಿಯಂನದಾಗಿದ್ದು ಬ್ಲಾಕ್ ಕಬ್ಬಿಣದ್ದಾಗಿದ್ದರೆ ಎಚ್ಚರಿಕೆ ಅಗತ್ಯ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಇಮ್ಮಡಿ ಹಿಗ್ಗುತ್ತದೆ. 400 ಮಿ.ಮೀ. ಉದ್ದದ ಹೆಡ್ಡಿನ ತಾಪ 80 ಡಿಗ್ರಿ ಏರಿದರೆ ಎರಡರ ಹಿಗ್ಗುವಿಕೆಯಲ್ಲಿ ಸುಮಾರು 0.4 ಮಿ.ಮೀ. ವ್ಯತ್ಯಾಸ ಬರುತ್ತದೆ. ಪ್ರತಿ ಬಾರಿ ಬಿಸಿಯಾಗಿ ತಣಿದಾಗಲೂ ನಡುವಿನ ಗ್ಯಾಸ್ಕೆಟ್ ಉಜ್ಜಿಕೊಳ್ಳುತ್ತದೆ. ಹಾಗೆಯೇ ಒತ್ತಡದ ಎಣ್ಣೆ ಮತ್ತು ನೀರಿನ ಅನೇಕ ದಾರಿಗಳು ಗ್ಯಾಸ್ಕೆಟ್ಟಿನ ಮೂಲಕ ಹಾಯುವ ಮೂರು, ನಾಲ್ಕು ಸಿಲಿಂಡರಿನ ಎಂಜಿನ್ನುಗಳಿಗೆ ಕೈಯಲ್ಲಿ ಕತ್ತರಿಸಿದ ತಗಡು ತಕ್ಕದ್ದಲ್ಲ.

ದಪ್ಪದ ಲೆಕ್ಕ

ಗ್ಯಾಸ್ಕೆಟ್ಟಿನ ದಪ್ಪವನ್ನು ಮನಬಂದಂತೆ ಆರಿಸುವುದು ಅತ್ಯಂತ ದೊಡ್ಡ ತಪ್ಪು. 100 ಮಿ.ಮೀ. ವ್ಯಾಸ, 110 ಮಿ.ಮೀ. ಹೊಡೆತದ ಸಿಲಿಂಡರಿನ ಗಾತ್ರ ಸುಮಾರು 864 ಘನ ಸೆಂ.ಮೀ. ಅದರ ಸಂಕೋಚನ ಅನುಪಾತ 17ಕ್ಕೆ 1 ಇದ್ದರೆ, ಪಿಸ್ಟನ್ ಮೇಲಿನ ತುದಿಯಲ್ಲಿದ್ದಾಗ ಉಳಿಯುವ ಜಾಗ ಕೇವಲ 54 ಘನ ಸೆಂ.ಮೀ. ಮೂಲ ಗ್ಯಾಸ್ಕೆಟ್ಟಿಗಿಂತ ಅರ್ಧ ಮಿಲಿಮೀಟರ್ ದಪ್ಪನೆಯದನ್ನು ಹಾಕಿದರೆ ಈ ಜಾಗಕ್ಕೆ ಸುಮಾರು 4 ಘನ ಸೆಂ.ಮೀ. ಸೇರಿ, ಅನುಪಾತ 17ರಿಂದ ಸುಮಾರು 15.9ಕ್ಕೆ ಇಳಿಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಹೊತ್ತಿಕೊಳ್ಳುವುದು ಸಂಕೋಚನದ ಬಿಸಿಯಿಂದಲೇ. ಆದ್ದರಿಂದ ಧಾರವಾಡದಲ್ಲಿ ಹೇಗೋ ಚಾಲೂ ಆಗುವ ಇಂತಹ ಎಂಜಿನ್ ಹರಿಯಾಣದ ಜನವರಿಯ ಮುಂಜಾನೆಯಲ್ಲಿ ಬಿಳಿ ಹೊಗೆ ಕಾರುತ್ತ ಮೊಂಡು ಹಿಡಿಯುತ್ತದೆ.

ದಪ್ಪ ಕಡಿಮೆಯಾದರೆ ಅಪಾಯ ಇನ್ನೂ ಹೆಚ್ಚು. ಪಿಸ್ಟನ್ನಿನ ತಲೆ ಹೆಡ್ಡಿಗೆ ಅಥವಾ ವಾಲ್ವಿಗೆ ತಗುಲಬಹುದು. ಮಾರುಕಟ್ಟೆಯಲ್ಲಿ ತಗಡು ಸಾಮಾನ್ಯವಾಗಿ ಗೇಜಿನ ಲೆಕ್ಕದಲ್ಲಿ ಸಿಗುತ್ತದೆ. ಬ್ರಿಟಿಷ್ ಗೇಜಿನಲ್ಲಿ 16 ಗೇಜಿನ ತಗಡು ಸುಮಾರು 1.63 ಮಿ.ಮೀ., 18 ಗೇಜಿನದು 1.22 ಮಿ.ಮೀ., 20 ಗೇಜಿನದು 0.91 ಮಿ.ಮೀ. ದಪ್ಪವಿರುತ್ತದೆ. ಅಂಗಡಿಯವರ ಮಾತನ್ನಷ್ಟೇ ನೆಚ್ಚದೆ ಮೈಕ್ರೋಮೀಟರಿನಿಂದ ಅಳೆದು ಕೊಳ್ಳಬೇಕು. ಬಿಗಿಮಾಡಿದಾಗ ಒತ್ತಲ್ಪಟ್ಟ ಹಳೆಯ ಗ್ಯಾಸ್ಕೆಟ್ಟಿನ ದಪ್ಪವೇ ಹೋಲಿಕೆಗೆ ಆಧಾರ. ಹಿತ್ತಾಳೆಯ ತಗಡು ತಾಮ್ರಕ್ಕೆ ಬದಲಿಯಾಗಲಾರದು.

ಹೆಡ್ ಇಳಿಸಿ ಪರೀಕ್ಷಿಸುವ ಕ್ರಮ

ಎಂಜಿನ್ ಸಂಪೂರ್ಣವಾಗಿ ತಣಿದ ನಂತರವೇ ಹೆಡ್ ಇಳಿಸಬೇಕು. ನಟ್ಟುಗಳನ್ನು ಅಂಚಿನಿಂದ ನಡುವಿನ ಕಡೆಗೆ, ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಮೇಲ್ಮೈಯನ್ನು ಶುಚಿಗೊಳಿಸಿದ ಬಳಿಕ ನಿಖರವಾದ ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ ಮತ್ತು ಮೂಲೆಯಿಂದ ಮೂಲೆಗೆ ಇರಿಸಿ, ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಬೇಕು. ತಾಮ್ರದ ಗ್ಯಾಸ್ಕೆಟ್ಟಿಗೆ 0.05 ಮಿ.ಮೀ. ಅಲಗು ತೂರದಷ್ಟು ಸಮತಟ್ಟು ಇರುವುದು ಒಳ್ಳೆಯದು. ಅದಕ್ಕಿಂತ ಹೆಚ್ಚು ಸೊಟ್ಟಗಿದ್ದರೆ ಮೆಷಿನ್ ಶಾಪಿನಲ್ಲಿ ಹೆಡ್ ಫೇಸಿಂಗ್ ಮಾಡಿಸಬೇಕು. ಬಿರುಕಿದ್ದರೆ ಯಾವ ಗ್ಯಾಸ್ಕೆಟ್ಟೂ ಉಪಯೋಗವಿಲ್ಲ.

ನೀರಿನೊಂದಿಗೆ ನೇರ ಸಂಪರ್ಕವಿರುವ ಲೈನರುಗಳ ಎಂಜಿನ್ನಿನಲ್ಲಿ ಲೈನರಿನ ಅಂಚು ಬ್ಲಾಕಿನ ಮೇಲ್ಮೈಗಿಂತ ಕೂದಲೆಳೆಯಷ್ಟು ಮೇಲಿರಬೇಕು. ಎಲ್ಲ ಲೈನರುಗಳೂ ಒಂದೇ ಎತ್ತರದಲ್ಲಿರಬೇಕು. ಒಂದು ಲೈನರ್ ತಗ್ಗಿದ್ದರೆ ಪುಟಿದೇಳದ ತಾಮ್ರವು ಆ ಜಾಗದಲ್ಲಿ ಅನಿಲವನ್ನು ಹಿಡಿಯಲಾರದು. ಎಷ್ಟು ಎತ್ತರವಿರಬೇಕೆಂಬುದನ್ನು ಆಯಾ ಎಂಜಿನ್ನಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಸ್ಟಡ್ಡುಗಳ ಮರೆ ಸವೆದಿದ್ದರೆ ಅಥವಾ ಅವು ಹಿಗ್ಗಿ ನಡು ತೆಳುವಾಗಿದ್ದರೆ ಬದಲಾಯಿಸಬೇಕು. ತಳಮುಚ್ಚಿದ ಬೋಲ್ಟ್ ರಂಧ್ರಗಳಲ್ಲಿ ನೀರು ಅಥವಾ ಎಣ್ಣೆ ನಿಂತಿದ್ದರೆ ತೆಗೆದುಹಾಕಬೇಕು. ಇಲ್ಲವಾದರೆ ಬೋಲ್ಟ್ ಬಿಗಿಯುವಾಗ ದ್ರವದ ಒತ್ತಡಕ್ಕೆ ಬ್ಲಾಕೇ ಸೀಳಬಹುದು.

ತಗಡು ಕತ್ತರಿಸಿ ಹದಗೊಳಿಸುವುದು

ಹಳೆಯ ಗ್ಯಾಸ್ಕೆಟ್ಟನ್ನು ಮಾದರಿಯಾಗಿಟ್ಟು ತಗಡಿನ ಮೇಲೆ ಗೆರೆ ಎಳೆದುಕೊಳ್ಳಬೇಕು. ತಗಡನ್ನು ಎರಡು ಪ್ಲೈವುಡ್ ಹಲಗೆಗಳ ನಡುವೆ ಬಿಗಿದು ರಂಧ್ರ ಕೊರೆದರೆ ಅಂಚು ಹರಿಯುವುದಿಲ್ಲ. ಸಿಲಿಂಡರಿನ ರಂಧ್ರವು ಸಿಲಿಂಡರಿನ ಬಾಯಿಗಿಂತ ಸ್ವಲ್ಪ ದೊಡ್ಡದಿರಬೇಕು. ಒಳಗೆ ಚಾಚಿದ ತಾಮ್ರದ ಅಂಚು ಕೆಂಪಗೆ ಕಾದು ಉಪದ್ರವ ಕೊಡುತ್ತದೆ. ನೀರಿನ ರಂಧ್ರಗಳನ್ನು ಮೂಲದ ಅಳತೆಯಲ್ಲಿಯೇ ಕೊರೆಯಬೇಕು. ಕೆಲವು ರಂಧ್ರಗಳನ್ನು ತಯಾರಕರು ಉದ್ದೇಶಪೂರ್ವಕವಾಗಿ ಚಿಕ್ಕದಾಗಿ ಇರಿಸಿರುತ್ತಾರೆ. ಹೆಡ್ಡಿನ ಎಲ್ಲ ಭಾಗಕ್ಕೂ ನೀರು ಸಮನಾಗಿ ಹಂಚಿಕೆಯಾಗಲೆಂಬುದು ಅದರ ಉದ್ದೇಶ. ಕತ್ತರಿಸಿದ ಅಂಚುಗಳಲ್ಲಿ ಉಳಿಯುವ ಮುಳ್ಳುಗಳನ್ನು ಅರದಿಂದ ಪೂರ್ತಿ ತೆಗೆದು, ತಗಡನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು ನೋಡಬೇಕು.

ಅನಂತರ ಹದಗೊಳಿಸುವ ಕೆಲಸ. ತಗಡು ಬಾಗದಂತೆ ಇಟ್ಟಿಗೆಯ ಮೇಲೆ ಇರಿಸಿ, ನೆರಳಿನಲ್ಲಿ ನೋಡಿದರೆ ಮಂದವಾದ ಕೆಂಪು ಕಾಣುವವರೆಗೆ, ಅಂದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ತನಕ, ಎಲ್ಲ ಭಾಗವೂ ಸಮನಾಗಿ ಕಾಯುವಂತೆ ಜ್ವಾಲೆಯನ್ನು ಆಡಿಸಬೇಕು. ಪ್ರಖರ ಬಿಸಿಲಿನಲ್ಲಿ ಈ ಕೆಂಪು ಕಾಣದೆ, ಅತಿಯಾಗಿ ಕಾಯಿಸುವ ಸಂಭವವಿದೆ. ಅತಿಯಾಗಿ ಕಾದ ತಾಮ್ರದ ಕಣಗಳು ಒರಟಾಗಿ ತಗಡು ಬಲಹೀನವಾಗುತ್ತದೆ. ಉಕ್ಕನ್ನು ಕಾಯಿಸಿ ನೀರಿನಲ್ಲಿ ಅದ್ದಿದರೆ ಗಡುಸಾಗುತ್ತದೆ, ತಾಮ್ರ ಹಾಗಲ್ಲ. ನೀರಿನಲ್ಲಿ ಅದ್ದಿದರೂ ಗಾಳಿಯಲ್ಲಿ ತಣಿಯಲು ಬಿಟ್ಟರೂ ಅದು ಮೆದುವಾಗಿಯೇ ಇರುತ್ತದೆ. ಮೇಲೆ ಕಟ್ಟುವ ಕಪ್ಪು ಪೊರೆಯನ್ನು ತೆಗೆಯಲು, ಹಂಡೆ ಬೆಳಗುವ ಹಾಗೆಯೇ, ಹುಣಸೆಹಣ್ಣಿನ ರಸ ಸಾಕು. ಬಳಿಕ ಶುದ್ಧ ನೀರಿನಲ್ಲಿ ತೊಳೆದು ಒಣಗಿಸಬೇಕು. ಹದಗೊಳಿಸಿದ ತಗಡನ್ನು ಬಗ್ಗಿಸುವುದು, ಬಡಿಯುವುದು ಸಲ್ಲದು. ಹಾಗೆ ಮಾಡಿದರೆ ಅದು ಮತ್ತೆ ಗಡುಸಾಗುತ್ತದೆ.

ಕೂರಿಸುವ ಕ್ರಮ

ಕೂರಿಸುವ ಮೊದಲು ಪಿಸ್ಟನ್ ಮತ್ತು ಹೆಡ್ಡಿನ ನಡುವಿನ ಅಂತರವನ್ನು ಅಳೆಯುವುದು ಅವಶ್ಯ. ಪಿಸ್ಟನ್ನಿನ ತಲೆಯ ಮೇಲೆ, ಪಿಸ್ಟನ್ ಪಿನ್ನಿನ ನೇರದಲ್ಲಿ, ವಾಲ್ವುಗಳಿಗೆ ಅಡ್ಡಬಾರದಂತೆ ಮೆದುವಾದ ಸೀಸದ ತಂತಿಯ ಎರಡು ತುಂಡುಗಳನ್ನು ಇರಿಸಿ, ಹೆಡ್ಡನ್ನು ಬಿಗಿದು, ಎಂಜಿನ್ನನ್ನು ಕೈಯಿಂದ ಮೆಲ್ಲಗೆ ಒಂದು ಪೂರ್ಣ ಸುತ್ತು ತಿರುಗಿಸಬೇಕು. ಹೆಡ್ಡನ್ನು ಮತ್ತೆ ತೆಗೆದು, ಚಪ್ಪಟೆಯಾದ ತಂತಿಯ ದಪ್ಪವನ್ನು ಅಳೆದರೆ ಆ ಅಂತರ ತಿಳಿಯುತ್ತದೆ. ಅದು ಕೈಪಿಡಿಯಲ್ಲಿ ಹೇಳಿದ ಮಿತಿಯೊಳಗಿದ್ದರೆ ಮಾತ್ರ ಮುಂದುವರಿಯಬೇಕು. ಈ ಅಳತೆಗೆ ಬಳಸಿದ ಗ್ಯಾಸ್ಕೆಟ್ ಒಮ್ಮೆ ಒತ್ತಲ್ಪಟ್ಟಿರುವುದರಿಂದ ಅದನ್ನು ಪುನಃ ಹದಗೊಳಿಸಬೇಕು.

ಅನಂತರ ಗ್ಯಾಸ್ಕೆಟ್ಟಿನ ಎರಡೂ ಬದಿಗೆ ಗ್ಯಾಸ್ಕೆಟ್ ಸೀಲಿಂಗ್ ಲೇಪವನ್ನು ತೆಳುವಾಗಿ, ಸಮನಾಗಿ ಹಚ್ಚಬೇಕು. ದಪ್ಪವಾಗಿ ಹಚ್ಚಿದ ಲೇಪ ಒಳಕ್ಕೆ ಒಸರಿ ನೀರಿನ ದಾರಿಯನ್ನು ಮುಚ್ಚಬಹುದು. ಸ್ಟಡ್ಡುಗಳ ಮರೆಗಳಿಗೆ ಎಣ್ಣೆ ಸವರಬೇಕು; ಬಿಗಿಯುವ ಶಕ್ತಿಯ ಬಹುಪಾಲು ಘರ್ಷಣೆಯಲ್ಲಿಯೇ ಕಳೆದುಹೋಗುವುದರಿಂದ ಒಣಗಿದ ಮರೆಗಳು ಟಾರ್ಕ್ ರೆಂಚಿನ ಲೆಕ್ಕವನ್ನೇ ತಪ್ಪಿಸುತ್ತವೆ.

ನಟ್ಟುಗಳನ್ನು ನಡುವಿನಿಂದ ಆರಂಭಿಸಿ ಅಂಚಿನ ಕಡೆಗೆ, ರೊಟ್ಟಿ ತಟ್ಟುವ ಕೈ ನಡುವಿನಿಂದ ಸುತ್ತಲೂ ಹರಡುವಂತೆ, ಮೂರು ಹಂತಗಳಲ್ಲಿ ಬಿಗಿಮಾಡಬೇಕು. ಅಂತಿಮ ಬಿಗಿ ಕೈಪಿಡಿಯಲ್ಲಿ ಕೊಟ್ಟಿರುವಷ್ಟೇ ಇರಬೇಕು. ಉದ್ದನೆಯ ಪೈಪನ್ನು ಸ್ಪ್ಯಾನರಿಗೆ ಸಿಕ್ಕಿಸಿ ಅಂದಾಜಿನಲ್ಲಿ ಬಿಗಿಯುವ ಪದ್ಧತಿಯನ್ನು ಬಿಡಬೇಕು. ಬಳಿಕ ಎಂಜಿನ್ನನ್ನು ಭಾರವಿಲ್ಲದೆ ಓಡಿಸಿ, ಚೆನ್ನಾಗಿ ಬಿಸಿಯಾದ ಮೇಲೆ ನಿಲ್ಲಿಸಿ, ಪೂರ್ತಿ ತಣಿದ ನಂತರ ಅದೇ ಕ್ರಮದಲ್ಲಿ ಒಂದೊಂದೇ ನಟ್ಟನ್ನು ಪುನಃ ಬಿಗಿಮಾಡಬೇಕು. ಕೆಲವು ಗಂಟೆಗಳ ಹೊಲದ ಕೆಲಸದ ನಂತರ ಮತ್ತೊಮ್ಮೆ ನೋಡಬೇಕು. ಪ್ರತಿ ಬಾರಿ ಬಿಗಿಮಾಡಿದಾಗಲೂ ಹೆಡ್ ಕೊಂಚ ಕೆಳಗಿಳಿಯುವುದರಿಂದ ಟ್ಯಾಪೆಟ್ ಅಂತರವನ್ನು ಪುನಃ ಹೊಂದಿಸುವುದನ್ನು ಮರೆಯಬಾರದು. ಈ ಒಂದು ಕೆಲಸವನ್ನು ಬಿಟ್ಟುದರಿಂದ ವಾಲ್ವುಗಳು ಪೂರ್ತಿ ಮುಚ್ಚದೆ ಸುಟ್ಟುಹೋಗುವುದುಂಟು.

ಮೂಲ ಕಾರಣದ ಪರಿಹಾರ

ಗ್ಯಾಸ್ಕೆಟ್ ತಾನಾಗಿ ಹೋಗುವುದು ವಿರಳ. ಸಾಮಾನ್ಯವಾಗಿ ಅದರ ಹಿಂದೆ ಅತಿಯಾದ ಬಿಸಿ ಇರುತ್ತದೆ. ಕರ್ನಾಟಕದ ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಅದನ್ನೇ ರೇಡಿಯೇಟರಿಗೆ ತುಂಬುತ್ತ ಬಂದರೆ, ನೀರು ಕಾಯಿಸುವ ಪಾತ್ರೆಯ ಒಳಗೆ ಕಟ್ಟುವ ಸುಣ್ಣದಂತಹ ಪೊರೆಯೇ ಎಂಜಿನ್ನಿನ ಒಳದಾರಿಗಳಲ್ಲಿಯೂ ಕಟ್ಟುತ್ತದೆ. ಶಾಖ ಹೊರಹೋಗದೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಇದನ್ನು ಸರಿಪಡಿಸದೆ ತಾಮ್ರ ಹಾಕಿದರೂ ಬೇರೇನು ಹಾಕಿದರೂ ಅದೇ ತೊಂದರೆ ಮರುಕಳಿಸುತ್ತದೆ. ರೇಡಿಯೇಟರಿನ ಹೊರಮೈಯಲ್ಲಿ ಸಿಕ್ಕಿಕೊಂಡ ಹೊಟ್ಟು ಮತ್ತು ಧೂಳು, ಸಡಿಲವಾದ ಫ್ಯಾನ್ ಬೆಲ್ಟ್, ತಪ್ಪಿದ ಇಂಧನ ಸಿಂಪಡಣೆಯ ಸಮಯ, ಶಕ್ತಿ ಮೀರಿದ ಹೇರು, ಇವನ್ನೂ ಪರೀಕ್ಷಿಸಬೇಕು.

ತಾಮ್ರ ಮತ್ತು ಕಬ್ಬಿಣ ಎರಡೂ ನೀರಿನಲ್ಲಿ ಒಂದಕ್ಕೊಂದು ತಗುಲಿಕೊಂಡಿದ್ದರೆ ಕಬ್ಬಿಣ ಬೇಗನೆ ಸವೆಯುತ್ತದೆ. ಆದುದರಿಂದ ತಾಮ್ರದ ಗ್ಯಾಸ್ಕೆಟ್ ಇರುವ ಎಂಜಿನ್ನಿಗೆ ಭಟ್ಟಿ ಇಳಿಸಿದ ನೀರು ಅಥವಾ ಶುದ್ಧವಾಗಿ ಹಿಡಿದ ಮಳೆನೀರಿನೊಂದಿಗೆ ತುಕ್ಕು ನಿರೋಧಕ ಕೂಲೆಂಟನ್ನು ಬೆರೆಸಿ ಬಳಸುವುದು ಅವಶ್ಯ.

ತರಬೇತಿಯ ಸೌಲಭ್ಯ

ಕೃಷಿ ಯಂತ್ರಗಳ ಬಳಕೆ ಮತ್ತು ದುರಸ್ತಿಯ ತರಬೇತಿಗೆಂದೇ ಕೇಂದ್ರ ಸರ್ಕಾರದ ಸಂಸ್ಥೆಗಳಿವೆ. ಮಧ್ಯಪ್ರದೇಶದ ಬುಧನಿಯ ಕೇಂದ್ರ 1955ರಲ್ಲಿಯೂ ಹರಿಯಾಣದ ಹಿಸ್ಸಾರಿನ ಕೇಂದ್ರ 1963ರಲ್ಲಿಯೂ ಆರಂಭವಾದವು. ಕರ್ನಾಟಕದ ಗಡಿಗೆ ಸಮೀಪದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ದಕ್ಷಿಣ ವಲಯದ ಸಂಸ್ಥೆಯಿದೆ. ಹಳ್ಳಿಯ ಒಬ್ಬ ಯುವಕ ಟಾರ್ಕ್ ರೆಂಚ್ ಮತ್ತು ಫೀಲರ್ ಗೇಜುಗಳ ಸರಿಯಾದ ಬಳಕೆಯನ್ನು ಕಲಿತು ಬಂದರೆ ಸುತ್ತಲ ಹತ್ತು ಊರುಗಳ ಯಂತ್ರಗಳಿಗೆ ಆಯುಸ್ಸು ಬರುತ್ತದೆ. ದುರಸ್ತಿ ಮುಗಿಯುವವರೆಗೆ ಬಿತ್ತನೆ ನಿಲ್ಲದಿರಲು ಬಾಡಿಗೆ ಯಂತ್ರಗಳನ್ನು ಪಡೆಯುವ ಮಾರ್ಗವನ್ನು ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ಹಳೆಯ ಟ್ರ್ಯಾಕ್ಟರನ್ನು ಗುಜರಿಗೆ ಹಾಕಬೇಕೆ, ಉಳಿಸಿಕೊಳ್ಳಬೇಕೆ ಎಂಬುದು ಆಯಾ ಕುಟುಂಬದ ನಿರ್ಧಾರ. ಬ್ಲಾಕ್ ಬಿರಿದಿದ್ದರೆ, ಬೇರಿಂಗುಗಳು ಸವೆದಿದ್ದರೆ, ಗೇರ್ ಪೆಟ್ಟಿಗೆ ಕೆಟ್ಟಿದ್ದರೆ ಅದರ ಮೇಲೆ ಹಣ ಸುರಿಯುವುದು ಜಾಣತನವಲ್ಲ. ಉಳಿದೆಲ್ಲವೂ ಗಟ್ಟಿಯಾಗಿದ್ದು ಒಂದು ಗ್ಯಾಸ್ಕೆಟ್ ಸಿಗದ ಕಾರಣಕ್ಕೆ ಯಂತ್ರ ಮೂಲೆ ಸೇರಿದ್ದರೆ, ಸರಿಯಾದ ದಪ್ಪದ, ಸರಿಯಾಗಿ ಹದಗೊಳಿಸಿದ ತಾಮ್ರದ ತಗಡು ಅದನ್ನು ಮತ್ತೆ ಹೊಲಕ್ಕೆ ಇಳಿಸಬಲ್ಲದು. ಊರಿನಿಂದ ದೂರವಾಣಿ ಬಂದಾಗ ದೆಹಲಿಯಲ್ಲಿರುವವರು ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಹೆಡ್ಡಿನ ಮೇಲ್ಮೈ ಸಮತಟ್ಟಾಗಿದೆಯೆ? ಹಳೆಯ ಗ್ಯಾಸ್ಕೆಟ್ಟಿನ ದಪ್ಪ ಅಳೆದಿದ್ದಾರೆಯೆ? ಎಂಜಿನ್ ಬಿಸಿಯಾಗಲು ಕಾರಣ ಪತ್ತೆಯಾಗಿದೆಯೆ? ಹಳೆಯದನ್ನು ಒದ್ದೆ ಮಾಡಿಯೇ ಕೆರೆಯುತ್ತಿದ್ದಾರೆಯೆ? ಮೊದಲ ಮೂರಕ್ಕೆ ಹೌದೆಂಬ ಉತ್ತರ ಬಂದರೆ ಯಂತ್ರ ಉಳಿಯುತ್ತದೆ. ನಾಲ್ಕನೆಯದಕ್ಕೂ ಹೌದೆಂಬ ಉತ್ತರ ಬಂದರೆ ಅದನ್ನು ದುರಸ್ತಿ ಮಾಡುವವನ ಆರೋಗ್ಯವೂ ಉಳಿಯುತ್ತದೆ.